ಬ್ಲಾಸ್ಟರ್‌ನ ಹೊಟ್ಟೆಯೊಳಗೆ ಸ್ಟರ್ಲಿಂಗ್

ಸಿನಿಮಾದಲ್ಲಿ ಲೇಸರ್ ಬಂದೂಕು ನೋಡುವಾಗ ಕೆಲವು ನಿಜ ಅನಿಸುತ್ತವೆ, ಇನ್ನು ಕೆಲವು ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ಆಟಿಕೆಯ ಹಾಗೆ ಕಾಣುತ್ತವೆ. ಎರಡೂ ಲೋಕದಲ್ಲಿ ಇಲ್ಲದ ವಸ್ತುಗಳೇ! ಹಾಗಿದ್ದೂ ಒಂದನ್ನು ನಂಬುತ್ತೇವೆ, ಇನ್ನೊಂದನ್ನು ನೋಡಿ ನಗುತ್ತೇವೆ. ಯಾಕೆ? ಗುಟ್ಟು ಹಿಡಿಕೆಯಲ್ಲಿದೆ ಅಂತ ನನ್ನ ಅನಿಸಿಕೆ.

1977ರಲ್ಲಿ ಬಂದ 'ಸ್ಟಾರ್ ವಾರ್ಸ್' ತಗೊಳ್ಳಿ. ಇಂಗ್ಲೆಂಡಿನ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ಚಿತ್ರೀಕರಣ, ಕೈಯಲ್ಲಿ ದುಡ್ಡು ಕಡಿಮೆ. ಸೆಟ್ಟಿನ ಸಾಮಾನು ನೋಡಿಕೊಳ್ಳುತ್ತಿದ್ದ ರೋಜರ್ ಕ್ರಿಶ್ಚಿಯನ್, ಸಿನಿಮಾದವರಿಗೆ ಆಯುಧ ಬಾಡಿಗೆ ಕೊಡುವ ಲಂಡನ್ನಿನ ಬ್ಯಾಪ್ಟಿ ಕಂಪನಿಯ ಬಾಗಿಲು ತಟ್ಟಿದರು. ಬಿಳಿ ಕವಚದ ಸೈನಿಕರ ಕೈಲಿರುವ ಬ್ಲಾಸ್ಟರ್ ಅಲ್ಲಿಂದ ಬಂದದ್ದು. ಅದು ಬ್ರಿಟಿಷ್ ಸೈನ್ಯ 1953ರಲ್ಲಿ ಒಪ್ಪಿಕೊಂಡ ಸ್ಟರ್ಲಿಂಗ್ ಸಬ್‌ಮಷೀನ್ ಗನ್. ಉದ್ದದ ಮ್ಯಾಗಜೀನ್ ತೆಗೆದು ಮೋಟು ಮಾಡಿದರು, ಮೇಲೊಂದು ದುರ್ಬೀನು ಕೂರಿಸಿದರು, ನಳಿಗೆಯ ಸುತ್ತ ಪ್ಲಾಸ್ಟಿಕ್ ಪಟ್ಟಿ ಅಂಟಿಸಿದರು. ಅಷ್ಟೇ! ಹಾನ್ ಸೋಲೋನ ಪಿಸ್ತೂಲು 1896ರ ಜರ್ಮನ್ ಮೌಸರ್. ಲ್ಯೂಕ್‌ನ ಲೈಟ್‌ಸೇಬರ್ ಹಿಡಿಯಂತೂ ಹಳೆಯ ಗ್ರಾಫ್ಲೆಕ್ಸ್ ಕ್ಯಾಮೆರಾದ ಫ್ಲಾಶ್‌ನ ಬ್ಯಾಟರಿ ಕೊಳವೆ. ಪತ್ರಿಕಾ ಛಾಯಾಗ್ರಾಹಕರ ಮುಷ್ಟಿಗೆ ಹೊಂದಿದ್ದು ಜೆಡೈಗೂ ಹೊಂದಿತು.

ಇಲ್ಲಿ ದುಡ್ಡಷ್ಟೇ ಉಳಿಯಲಿಲ್ಲ ನೋಡಿ. ಸ್ಟರ್ಲಿಂಗ್‌ನ ತೂಕ ಸುಮಾರು 2.7 ಕಿಲೋ. ಹಿಡಿಕೆ ಹೆಚ್ಚುಕಡಿಮೆ ನಡುವಿನಲ್ಲಿರುವುದರಿಂದ ಭಾರ ಕೈಯ ಮೇಲೇ ಕೂರುತ್ತದೆ. ಮ್ಯಾಗಜೀನ್ ಎಡಪಕ್ಕಕ್ಕಿದೆ, ಸೈನಿಕ ನೆಲಕ್ಕೆ ಅಂಟಿಕೊಂಡು ಮಲಗಿದರೂ ಅಡ್ಡ ಬರುವುದಿಲ್ಲ. ನಳಿಗೆ ಕವಚದ ತುಂಬ ತೂತು, ಕಾವು ಹೊರಹೋಗಲಿ ಅಂತ. ಚಿತ್ರೀಕರಣದಲ್ಲಿ ಗುಂಡಿಲ್ಲದ ತೋಟಾ ಹಾರಿಸಿದ್ದರಿಂದ ಬಂದೂಕು ನಟರ ಕೈಯಲ್ಲಿ ನಿಜವಾಗಿಯೇ ಒದರಿತು. ಕೆಲವು ದೃಶ್ಯಗಳಲ್ಲಿ ಖಾಲಿ ತೋಟಾ ಹಾರುವುದೂ ಕಾಣುತ್ತದೆ. ಲೇಸರ್ ಬಂದೂಕಿಗೆ ತೋಟಾ! ಆದರೂ ನಂಬುತ್ತೇವೆ, ಯಾಕೆಂದರೆ ಹಿಡಿದವನ ಮೈ ಸುಳ್ಳು ಹೇಳುತ್ತಿಲ್ಲ. (ಆ ಶಿರಸ್ತ್ರಾಣ ಹಾಕಿಕೊಂಡು ದುರ್ಬೀನಿಗೆ ಕಣ್ಣಿಡುವುದು ಹೇಗೆ ಅಂತ ಮಾತ್ರ ಯಾರೂ ಕೇಳಿದಂತಿಲ್ಲ. ಪಾಪ, ಗುರಿ ತಪ್ಪುವುದಕ್ಕೆ ಅದೂ ಒಂದು ಕಾರಣವಿರಬೇಕು.)

ಉಲ್ಟಾ ಉದಾಹರಣೆ ಬೇಕೇ? 1987ರಲ್ಲಿ ಶುರುವಾದ 'ಸ್ಟಾರ್ ಟ್ರೆಕ್' ಹೊಸ ಸರಣಿಯ ಫೇಸರ್. ನಳಿಗೆಯಿಲ್ಲ, ಗುರಿ ನೋಡಲು ಏನೂ ಇಲ್ಲ, ನುಣ್ಣಗಿನ ಡಬ್ಬಿ. ಅಭಿಮಾನಿಗಳೇ ಅದನ್ನು ಕೈಯಲ್ಲಿ ಹಿಡಿಯುವ ವ್ಯಾಕ್ಯೂಮ್ ಕ್ಲೀನರ್‌ಗೆ ಹೋಲಿಸಿ ಗೇಲಿ ಮಾಡಿದರು. ನಟರ ಮಣಿಕಟ್ಟು ಒಂದು ಕಡೆ, ಆಮೇಲೆ ಸೇರಿಸಿದ ಬೆಳಕಿನ ಗೆರೆ ಇನ್ನೊಂದು ಕಡೆ. ಮುಂದೆ ಅದರ ಆಕಾರ ಬದಲಾಯಿತು.

1986ರ 'ಏಲಿಯನ್ಸ್' ಹಳೆಯ ದಾರಿಯನ್ನೇ ಹಿಡಿಯಿತು. ಅದರ ಪಲ್ಸ್ ರೈಫಲ್‌ನೊಳಗೆ ಎರಡನೇ ಮಹಾಯುದ್ಧ ಕಾಲದ ಥಾಮ್ಸನ್, ಕೆಳಗೆ ರೆಮಿಂಗ್ಟನ್ ಶಾಟ್‌ಗನ್. ಭಾರೀ ಸ್ಮಾರ್ಟ್‌ಗನ್ ಅಂದರೆ ಜರ್ಮನ್ ಎಂಜಿ 42. ಅದನ್ನು ಹೊರಲು ಸ್ಟೆಡಿಕ್ಯಾಮ್ ಕ್ಯಾಮೆರಾದ ಸೊಂಟಪಟ್ಟಿಯನ್ನೇ ಬಳಸಿದರು. ಭಾರ ಕೈಯಿಂದ ಸೊಂಟಕ್ಕಿಳಿಯಿತು, ನಟರ ನಡಿಗೆಯೇ ಬದಲಾಯಿತು.

ಕಥೆ ಬರೆಯುವ ಗೆಳೆಯರಿಗೆ ಇದರಲ್ಲಿ ಪಾಠವಿದೆ. ಕಿರಣದ ಬಣ್ಣ, ಶಕ್ತಿ ಎಲ್ಲ ಆಮೇಲೆ. ಎರಡನೇ ಕೈ ಎಲ್ಲಿ ಹೋಗುತ್ತದೆ? ಕಾವೇರಿದರೆ ಎಲ್ಲಿ ಮುಟ್ಟಬಾರದು? ಓಡುವಾಗ ಎಲ್ಲಿ ನೇತುಹಾಕುತ್ತಾನೆ? ಕತ್ತಲಲ್ಲಿ ಕೆಟ್ಟರೆ ಬೆರಳಿಗೆ ಏನು ಸಿಗಬೇಕು? ಇಷ್ಟಕ್ಕೆ ಉತ್ತರ ಗೊತ್ತಿದ್ದರೆ ಓದುಗ ಮಿಕ್ಕದ್ದನ್ನು ನಂಬುತ್ತಾನೆ.

ಇನ್ನೂ ಒಂದು ಮಾತು. ಸ್ಟರ್ಲಿಂಗ್ ನಮಗೇನೂ ಹೊರಗಿನದಲ್ಲ. ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯಲ್ಲಿ ತಯಾರಾದ 9 ಎಂಎಂ ಕಾರ್ಬೈನ್ ಅದೇ, ನಮ್ಮ ಪೊಲೀಸರ ಹೆಗಲಲ್ಲಿ ಎಷ್ಟೋ ಜನ ನೋಡಿರುತ್ತೀರಿ. 1984ರ ಅಕ್ಟೋಬರ್ 31ರಂದು ಸತ್ವಂತ್ ಸಿಂಗ್ ಇಂದಿರಾ ಗಾಂಧಿಯವರ ಮೇಲೆ ಗುಂಡು ಹಾರಿಸಿದ್ದೂ ಸ್ಟರ್ಲಿಂಗ್‌ನಿಂದಲೇ. ಬ್ಲಾಸ್ಟರ್ ನಂಬಿಸುತ್ತದೆ ಅಂದರೆ, ಅದರ ಹಿಡಿಕೆಯ ಹದವನ್ನು ಮನುಷ್ಯರು ಮನುಷ್ಯರನ್ನು ಕೊಲ್ಲುತ್ತಲೇ ಕಲಿತಿದ್ದಾರೆ ಅಂತ ಅರ್ಥ. ಕಥೆಯಲ್ಲಿ ಆಯುಧಕ್ಕೆ ಕಿಲೋ ಲೆಕ್ಕದ ತೂಕ ಕೊಡುವಾಗ ಈ ತೂಕವನ್ನೂ ಸ್ವಲ್ಪ ಸೇರಿಸಿದರೆ ಒಳ್ಳೆಯದು.