ಸೆಲರಿ ಮಡಿಯೂ ಊರ ಬಾಯಿಯೂ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಲ್ಯಾಂಕಾಸ್ಟರ್ ಎಂಬ ಸೀಮೆಯಿದೆ. ಅಲ್ಲಿನ ಆಮಿಶ್ ಜನರ ಮದುವೆಯೂಟಕ್ಕೆ ಸೆಲರಿ ದಂಟು ಬೇಕೇ ಬೇಕು. ಕೊತ್ತಂಬರಿಯ ದಾಯಾದಿಯಾದ ಈ ಸೊಪ್ಪನ್ನು ಯಾವ ಮನೆಯ ಹಿತ್ತಲಲ್ಲಿ ಆ ವರ್ಷ ನಾಲ್ಕು ಮಡಿ ಹೆಚ್ಚಿಗೆ ಹಾಕಿದ್ದಾರೋ ಆ ಮನೆಯ ಹುಡುಗಿಗೆ ಗಂಡು ಗೊತ್ತಾಗಿದೆ ಎಂದು ನೆರೆಹೊರೆಯವರು ಲೆಕ್ಕ ಹಾಕುತ್ತಿದ್ದರು. ನಿಶ್ಚಯವಾದದ್ದನ್ನು ಗುಟ್ಟಾಗಿಟ್ಟು, ಮದುವೆಗೆ ಕೆಲವೇ ವಾರಗಳಿರುವಾಗ ಸಭೆಯಲ್ಲಿ ಸಾರುವುದು ಅವರ ಹಳೆಯ ಪದ್ಧತಿ. ಕಾರು ಕೊಳ್ಳದೆ ಕುದುರೆಗಾಡಿಯಲ್ಲೇ ಓಡಾಡುವ ಜನ ಎಂದು ನಾವು ಅವರನ್ನು ಬಲ್ಲೆವು. ಹಿತ್ತಲು ನೋಡಿ ಸುದ್ದಿ ಹುಟ್ಟಿಸುವುದರಲ್ಲಿ ಮಾತ್ರ ಅವರು ನಮ್ಮವರೇ ಅನ್ನಿ!

ಬೆವರ್ಲಿ ಲೂಯಿಸ್ ಎಂಬಾಕೆಯ 'ದಿ ಷನಿಂಗ್' ಕಾದಂಬರಿ 1997ರಲ್ಲಿ ಬಂದ ಮೇಲೆ ಆಮಿಶ್ ಹುಡುಗಿಯರ ಪ್ರೇಮಕಥೆಗಳಿಗೆ ಸುಗ್ಗಿಯೇ ಬಂತು. ಬರೆಯುವವರೂ ಓದುವವರೂ ಹೆಚ್ಚಾಗಿ ಹೊರಗಿನ ಹೆಂಗಸರು. ಹೆಣ್ಣಿನ ಮೇಲೆ ಬಂದ ಒಂದು ಮಾತು, ಅದಕ್ಕೆ ಕಿವಿಗೊಡದ ಒಬ್ಬ ಗಂಡು, ಇವೆರಡೂ ಈ ಬಗೆಯ ಕಥೆಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ನನಗೆ ಅವುಗಳಿಗಿಂತ ಹಿಂದಿನ ಚರಿತ್ರೆಯೇ ಹೆಚ್ಚು ರುಚಿಸಿತು.

1693ರಲ್ಲಿ ಸ್ವಿಟ್ಜರ್ಲೆಂಡಿನ ಕಡೆಯ ಯಾಕೋಬ್ ಅಮ್ಮಾನ್ ತನ್ನ ಪಂಥದ ಹಿರಿಯ ಹಾನ್ಸ್ ರೈಸ್ಟನೊಂದಿಗೆ ಜಗಳವಾಡಿ ಬೇರೆಯಾದ. ಸಭೆಯಿಂದ ಹೊರಹಾಕಿದವರನ್ನು ಮನೆಯ ಪಂಕ್ತಿಯಿಂದಲೂ ದೂರವಿಡಬೇಕು, ಗಂಡ ಹೆಂಡಿರಿಗೂ ಇದರಲ್ಲಿ ರಿಯಾಯಿತಿ ಇಲ್ಲ ಎಂಬುದು ಅಮ್ಮಾನನ ಹಟ. ಸುಳ್ಳು ಹೇಳಿದ ಒಬ್ಬ ಹೆಂಗಸನ್ನು ಹೊರಹಾಕಬೇಕೇ ಬೇಡವೇ ಎಂಬುದೂ ಆ ವ್ಯಾಜ್ಯದಲ್ಲಿ ಸೇರಿತ್ತು. ಒಂದು ಪಂಥ ಒಡೆಯುವ ಹೊತ್ತಿನಲ್ಲೂ ಯಾವಳೋ ಒಬ್ಬ ಬಡಪಾಯಿಯ ಹೆಸರು ನಡುವೆ ಬರಲೇಬೇಕಾಯಿತು ನೋಡಿ.

ಹಾಗೆಂದು ಅವರ ಕಟ್ಟಳೆ ಬರೀ ಕಲ್ಲಲ್ಲ. ತಪ್ಪು ಕಂಡವರು ಮೊದಲು ತಪ್ಪಿತಸ್ಥರ ಬಳಿಗೇ ಒಂಟಿಯಾಗಿ ಹೋಗಿ ಹೇಳಬೇಕು. ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದೊಯ್ಯಬೇಕು. ಸಭೆಯ ಮುಂದೆ ತರುವುದು ಆಮೇಲಿನ ಮಾತು. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಿಂದ ಬಂದ ಕ್ರಮವಿದು. ದೊಡ್ಡ ತಪ್ಪಾದರೆ ಸಾಮಾನ್ಯವಾಗಿ ಆರು ವಾರ ದೂರವಿಟ್ಟು, ಮಂಡಿಯೂರಿ ಒಪ್ಪಿಕೊಂಡ ಮೇಲೆ ಬಿಷಪ್ ಕೈಹಿಡಿದು ಎಬ್ಬಿಸುತ್ತಾನೆ. ಹೆಂಗಸಾದರೆ ಬಿಷಪ್ಪನ ಹೆಂಡತಿ ಮುತ್ತಿಟ್ಟು ಬರಮಾಡಿಕೊಳ್ಳುತ್ತಾಳೆ. ಅಂದಿನಿಂದ ಆ ವಿಷಯವನ್ನು ಯಾರೂ ಎತ್ತಕೂಡದು. ನಮ್ಮ ಬೀದಿಗಳಲ್ಲಿ ಇಪ್ಪತ್ತು ವರ್ಷದ ಹಿಂದಿನದನ್ನೂ ನೆನ್ನೆ ನಡೆದಂತೆ ಹೇಳುತ್ತೇವಲ್ಲ, ಅದಕ್ಕೆ ಅಲ್ಲಿ ಎಡೆಯಿಲ್ಲ. ಕಾಗದದ ಮೇಲಿನ ನಿಯಮವನ್ನು ನಾಲಿಗೆಗಳು ಎಷ್ಟು ಪಾಲಿಸುತ್ತವೋ ಆ ಮಾತು ಬೇರೆ. ಇನ್ನೂ ಒಂದಿದೆ. ಬೋಧಕರನ್ನು ಆರಿಸುವಾಗ ಹೆಂಗಸರೂ ಹೆಸರು ಸೂಚಿಸುತ್ತಾರೆ, ಆದರೆ ಚೀಟಿ ಎತ್ತಿ ಆ ಸ್ಥಾನಕ್ಕೇರುವವರು ಗಂಡಸರು ಮಾತ್ರ. ಹೀಗಾಗಿ ಹೆಣ್ಣಿನ ತಪ್ಪನ್ನು ಸಭೆಯ ಮುಂದಿಡುವವರೂ ಅವರೇ. ಇದು ನನಗೆ ಒಪ್ಪಿಗೆಯಾಗದು.

ಒಬ್ಬೊಬ್ಬರ ಹೆಸರಿನಂತೆ ಇಡೀ ಜನಾಂಗದ ಹೆಸರೂ ಕೆಡುತ್ತದೆ. 1905ರಲ್ಲಿ ಹೆಲೆನ್ ಮಾರ್ಟಿನ್ 'ಸಬೀನಾ' ಎಂಬ ಆಮಿಶ್ ಕಾದಂಬರಿ ಬರೆದಳು. ಪೆನ್ಸಿಲ್ವೇನಿಯಾದ ಜರ್ಮನ್ ಮೂಲದವರೆಂದರೆ ಜಿಪುಣರು, ಒರಟರು ಎಂಬ ಚಿತ್ರ ಇವಳಂಥವರ ಪುಸ್ತಕಗಳಿಂದ ಹಬ್ಬಿತು. ಈ ತರಹದ ಬರಹಗಳಿಂದ ನೊಂದ ಜೋಸೆಫ್ ಯೋಡರ್ ವಾದಕ್ಕಿಳಿಯಲಿಲ್ಲ. ತನ್ನ ತಾಯಿಯ ಕಥೆ ಬರೆದು 1940ರಲ್ಲಿ ತಾನೇ ಪ್ರಕಟಿಸಿದ. ಹೆಸರು 'ರೊಸಾನಾ ಆಫ್ ದಿ ಆಮಿಶ್'. ರೊಸಾನಾ ಐರಿಷ್ ಕ್ಯಾಥೊಲಿಕರ ಕೂಸು. ತಾಯಿ ಸತ್ತಿದ್ದಳು. ಎತ್ತಿಕೊಂಡು ಸಾಕಿದವಳು ಎಲಿಜಬೆತ್ ಎಂಬ ಮದುವೆಯಾಗದ ಆಮಿಶ್ ಹೆಂಗಸು. ಮದುವೆಯಾಗದವಳ ಕಂಕುಳಲ್ಲಿ ಕೂಸು, ಅದೂ ಪರಧರ್ಮದ್ದು! ನಮ್ಮೂರ ನಲ್ಲಿಯ ಬಳಿ ಅದಕ್ಕೆ ಎಷ್ಟು ಕೊಡ ತುಂಬುತ್ತಿತ್ತೋ. ಆ ಕೂಸು ಆಮಿಶ್ ಹುಡುಗಿಯಾಗಿಯೇ ಬೆಳೆದು, ಮನಸ್ಸೊಪ್ಪಿದ ಆಮಿಶ್ ಹುಡುಗ ಕ್ರಿಸ್ಟ್ ಯೋಡರನ ಕೈಹಿಡಿಯಿತು. ಪುಸ್ತಕ ಬರೆದ ಮಗ ಸಂಗೀತದ ಮೇಷ್ಟರು. ಎರಡು ವರ್ಷದ ಮೇಲೆ, 1942ರಲ್ಲಿ, ಬಾಯಿಂದ ಬಾಯಿಗೆ ಮಾತ್ರ ಬರುತ್ತಿದ್ದ ತನ್ನವರ ಹಾಡುಗಳ ಧಾಟಿಗಳನ್ನು ಸ್ವರಲಿಪಿಗಿಳಿಸಿ ಇನ್ನೊಂದು ಪುಸ್ತಕ ಹೊರತಂದ.