ಮೂತ್ರಾಶಯ ಬೆಳೆಸಿದ ಶಸ್ತ್ರವೈದ್ಯ: ಆಂಟನಿ ಅಟಾಲಾ

ಮೂತ್ರಾಶಯವನ್ನು ಬರಿಯ ಚೀಲವೆಂದರೆ ಶರೀರಶಾಸ್ತ್ರಜ್ಞರು ಒಪ್ಪಲಾರರು. ಭೌತವಿಜ್ಞಾನಿಗೂ ಅದು ಸಾಮಾನ್ಯ ಚೀಲವಲ್ಲ. ನೀರಿನ ಬಾಟಲಿ ತುಂಬುತ್ತ ಬಂದಂತೆ ತಳದ ಒತ್ತಡ ಏರುತ್ತದೆ. ಆರೋಗ್ಯವಂತ ಮೂತ್ರಾಶಯದೊಳಗೆ ಮುನ್ನೂರು ನಾನ್ನೂರು ಮಿಲಿಲೀಟರ್ ಸೇರಿದರೂ ಒತ್ತಡ ಹತ್ತು ಹದಿನೈದು ಸೆಂಟಿಮೀಟರ್ ಎತ್ತರದ ನೀರಿನ ಕಂಬದಷ್ಟೇ. ಗೋಡೆ ಸಡಿಲಗೊಂಡು ಜಾಗ ಮಾಡಿಕೊಡುತ್ತದೆ.

ಎಲ್ಲ ಮಕ್ಕಳಿಗೂ ಈ ಭಾಗ್ಯವಿಲ್ಲ. ಸ್ಪೈನಾ ಬೈಫಿಡಾ ಎಂಬ ಜನ್ಮದೋಷದಲ್ಲಿ ಗರ್ಭದಲ್ಲಿಯೇ ಬೆನ್ನುಮೂಳೆಯ ಕಾಲುವೆ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಮೂತ್ರಾಶಯದ ನರಗಳು ಕೆಡುತ್ತವೆ. ಚೀಲ ಚಿಕ್ಕದಾಗಿ, ಬಿರುಸಾಗಿ ಉಳಿಯುತ್ತದೆ. ಅಮೆರಿಕದ ಎಡ್ವರ್ಡ್ ಮೆಗ್ವಾಯರ್ ಮತ್ತು ಸಂಗಡಿಗರು 1981ರಲ್ಲಿ ಇಂಥ 42 ರೋಗಿಗಳನ್ನು ಅಳೆದು ನೋಡಿದರು. ಮೂತ್ರ ತಾನಾಗಿ ಸೋರತೊಡಗುವ ಒತ್ತಡ 40 ಸೆಂಟಿಮೀಟರ್ ನೀರಿಗಿಂತ ಹೆಚ್ಚಿದ್ದವರಲ್ಲಿ ಬಹುಪಾಲಿನವರ ಮೂತ್ರನಾಳಗಳು ಆಗಲೇ ಹಿಗ್ಗಿದ್ದವು. ಆ ಒತ್ತಡ ಹಿಮ್ಮುಖವಾಗಿ ಸಾಗಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಒಂದು ಮಗುವಿನ ಮೂತ್ರಪಿಂಡಗಳ ಭವಿಷ್ಯವನ್ನು ನೀರಿನ ಕಂಬದ ಎತ್ತರ ಹೇಳಬಲ್ಲದು ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಮಿಷಿಗನ್ನಿನ ಜ್ಯಾಕ್ ಲ್ಯಾಪಿಡಿಸ್ 1972ರಲ್ಲಿ ಸೂಚಿಸಿದ ಸರಳ ಉಪಾಯ ಸಾವಿರಾರು ಮಕ್ಕಳನ್ನು ಉಳಿಸಿತು: ದಿನಕ್ಕೆ ಹಲವು ಬಾರಿ ಶುಚಿಯಾದ ಕ್ಯಾಥೆಟರ್ ಹಾಕಿ ಮೂತ್ರಾಶಯವನ್ನು ಬರಿದು ಮಾಡುವುದು. ಅದೂ ಸಾಲದಾದಾಗ ಕರುಳಿನ ತುಂಡೊಂದನ್ನು ಕತ್ತರಿಸಿ ಮೂತ್ರಾಶಯಕ್ಕೆ ತೇಪೆ ಹಾಕುವ ಶಸ್ತ್ರಚಿಕಿತ್ಸೆ ಇತ್ತು. ಈಗಲೂ ಇದೆ. ತೊಡಕು ಏನೆಂದರೆ, ಹೀರಿಕೊಳ್ಳುವುದು ಕರುಳಿನ ಸ್ವಭಾವ, ಹೀರಿಕೊಳ್ಳದಿರುವುದು ಮೂತ್ರಾಶಯದ ಧರ್ಮ. ತೇಪೆಯಾದ ಕರುಳು ಮೂತ್ರದಲ್ಲಿನ ತ್ಯಾಜ್ಯವನ್ನು ಮತ್ತೆ ರಕ್ತಕ್ಕೆ ಸೇರಿಸುತ್ತದೆ, ಲೋಳೆ ಸುರಿಸುತ್ತದೆ. ಕಲ್ಲುಗಳಾಗುತ್ತವೆ.

ಈ ತೇಪೆಯನ್ನು ಮಕ್ಕಳಿಗೆ ಹೊಲಿಯುತ್ತಿದ್ದವರಲ್ಲಿ ಆಂಟನಿ ಅಟಾಲಾ ಒಬ್ಬರು. 1958ರಲ್ಲಿ ಪೆರು ದೇಶದಲ್ಲಿ ಜನನ. ಬಾಲ್ಯದಲ್ಲೇ ಅಮೆರಿಕದ ಫ್ಲಾರಿಡಾಕ್ಕೆ ವಲಸೆ, ಲೂಯಿವಿಲ್‌ನಲ್ಲಿ ವೈದ್ಯಶಿಕ್ಷಣ. 1990ರ ದಶಕದ ಆರಂಭದಲ್ಲಿ ಬೋಸ್ಟನ್ನಿನ ಮಕ್ಕಳ ಆಸ್ಪತ್ರೆ ಸೇರಿ ಮಕ್ಕಳ ಮೂತ್ರಾಂಗ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದರು. ಕರುಳನ್ನು ಎರವಲು ತರುವ ಬದಲು ಮಗುವಿನ ಸ್ವಂತ ಮೂತ್ರಾಶಯದ ಜೀವಕೋಶಗಳನ್ನೇ ಬೆಳೆಸಿದರೆ ಹೇಗೆ ಎಂಬುದು ಅವರನ್ನು ಹಿಡಿದ ಪ್ರಶ್ನೆ.

ಮೂತ್ರಾಶಯದ ಒಳಪದರದ ಕೋಶಗಳನ್ನು ದೇಹದ ಹೊರಗೆ ಬೆಳೆಸುವುದು ಸುಲಭವಾಗಿರಲಿಲ್ಲ. ಅದನ್ನು ಸಾಧಿಸಿದ ಅಟಾಲಾ ಅವರ ತಂಡ 1994ರಲ್ಲಿ ಪ್ರಕಟಿಸಿದ ಅಂಕಿಯೊಂದು ಹೀಗಿದೆ: ಒಂದು ಚದರ ಸೆಂಟಿಮೀಟರ್ ಹರಡುವಷ್ಟು ಕೋಶಗಳನ್ನು ಎಂಟು ವಾರಗಳಲ್ಲಿ 4,202 ಚದರ ಮೀಟರ್, ಅಂದರೆ ಒಂದು ಫುಟ್‌ಬಾಲ್ ಮೈದಾನದಷ್ಟು, ಹರಡುವಂತೆ ಹೆಚ್ಚಿಸಬಹುದು. ಉತ್ಪ್ರೇಕ್ಷೆ ಎನಿಸಿತೇ? ಕಾಗದ ತೆಗೆದುಕೊಂಡು ಲೆಕ್ಕ ಹಾಕಿ ನೋಡಿ. ಇದು ಸುಮಾರು ನಾಲ್ಕು ಕೋಟಿ ಪಟ್ಟು. ಇಪ್ಪತ್ತೈದು ಬಾರಿ ಇಮ್ಮಡಿಯಾದರೆ ಹೆಚ್ಚುಕಡಿಮೆ ಅಲ್ಲಿಗೆ ತಲುಪುತ್ತೇವೆ. 56 ದಿನಗಳಲ್ಲಿ 25 ಇಮ್ಮಡಿ, ಎಂದರೆ ಎರಡು ದಿನಕ್ಕೆ ತುಸು ಮೀರಿ ಒಂದು. ಚದುರಂಗದ ಮನೆಗಳಿಗೆ ಅಕ್ಕಿಕಾಳು ತುಂಬಿಸುವ ಹಳೆಯ ಲೆಕ್ಕವೇ ಇದು.

ಕೋಶಗಳು ಸಿಕ್ಕರೆ ಅಂಗ ಸಿಕ್ಕಂತಾಗಲಿಲ್ಲ. ಮನೆ ಕಟ್ಟುವಾಗ ಹಾಕುವ ಸಾರುವೆಯಂತೆ, ಕಾಲಕ್ರಮದಲ್ಲಿ ಕರಗಿಹೋಗುವ ಚೌಕಟ್ಟೊಂದು ಬೇಕು. ಅದರ ಹೊರಗೆ ಸ್ನಾಯುಕೋಶ, ಒಳಗೆ ಪದರಕೋಶ. 1999ರಲ್ಲಿ ನಾಯಿಗಳ ಮೇಲಿನ ಪ್ರಯೋಗದಲ್ಲಿ ಕೋಶಸಹಿತ ಮೂತ್ರಾಶಯಗಳು ಮೂಲದ ಶೇ. 95ರಷ್ಟು ಧಾರಣಶಕ್ತಿ ತೋರಿದವು. ಕೋಶಗಳಿಲ್ಲದ ಬರೀ ಚೌಕಟ್ಟಿಗೆ ಸಿಕ್ಕಿದ್ದು ಶೇ. 46.

ಇಲ್ಲಿ ಭೌತವಿಜ್ಞಾನ ಮತ್ತೊಮ್ಮೆ ತಲೆಹಾಕುತ್ತದೆ. ರಕ್ತನಾಳ ಬೆಳೆಯುವ ತನಕ ಕೋಶಗಳಿಗೆ ಆಕ್ಸಿಜನ್ ತಲುಪುವುದು ವಿಸರಣೆಯಿಂದ ಮಾತ್ರ. ವಿಸರಣೆಗೆ ಬೇಕಾಗುವ ಕಾಲ ದೂರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಮಿಲಿಮೀಟರಿನ ಹತ್ತನೇ ಒಂದು ಭಾಗ ಸಾಗಲು ಎರಡು ಮೂರು ಸೆಕೆಂಡು ಸಾಕು. ಒಂದು ಸೆಂಟಿಮೀಟರ್ ಸಾಗಲು ಸುಮಾರು ಏಳು ಗಂಟೆ! ಅಷ್ಟರಲ್ಲಿ ಕೋಶ ಸತ್ತಿರುತ್ತದೆ. ತೆಳುಗೋಡೆಯ ಮೂತ್ರಾಶಯ ಸಾಧ್ಯವಾಗಿ, ದಪ್ಪನೆಯ ಮೂತ್ರಪಿಂಡ ಇನ್ನೂ ಕೈಗೆಟುಕದಿರುವುದಕ್ಕೆ ಇದೊಂದು ಮುಖ್ಯ ಕಾರಣ. 2011ರಲ್ಲಿ ಅಟಾಲಾ ಸಭೆಯೊಂದರ ವೇದಿಕೆಯ ಮೇಲೆ ಮೂತ್ರಪಿಂಡದ ಆಕಾರವನ್ನು ಮುದ್ರಿಸಿ ತೋರಿಸಿದರು. ಅದು ಕೆಲಸ ಮಾಡುವ ಅಂಗವಾಗಿರಲಿಲ್ಲ.

ಮಕ್ಕಳ ಫಲಿತಾಂಶ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದಿತು. ಆ ವೇಳೆಗೆ ಅಟಾಲಾ ನಾರ್ತ್ ಕ್ಯಾರೊಲಿನಾದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯಕ್ಕೆ ಬಂದಿದ್ದರು. 4ರಿಂದ 19 ವಯಸ್ಸಿನ ಏಳು ರೋಗಿಗಳು. ಮೂತ್ರಾಶಯದ ಚೂರು ತೆಗೆದ ಸುಮಾರು ಏಳು ವಾರಗಳ ಬಳಿಕ ನಾಟಿ. ಕೊಲ್ಯಾಜನ್ ಜೊತೆಗೆ ಪಾಲಿಗ್ಲೈಕಾಲಿಕ್ ಆಮ್ಲದ ಪಾಲಿಮರ್ ಬೆರೆಸಿದ ಚೌಕಟ್ಟಿಗೆ ಒಮೆಂಟಮ್, ಅಂದರೆ ಕರುಳಿನ ಮುಂದೆ ಪರದೆಯಂತೆ ಇಳಿಬಿದ್ದಿರುವ ರಕ್ತನಾಳಭರಿತ ಕೊಬ್ಬಿನ ಪೊರೆ, ಸುತ್ತಿದಾಗ ಫಲಿತಾಂಶ ಅತ್ಯುತ್ತಮವಾಗಿತ್ತು: ಸೋರುವ ಒತ್ತಡ ಶೇ. 56 ಇಳಿಯಿತು, ಗಾತ್ರ 1.58 ಪಟ್ಟಾಯಿತು. ನರಗಳು ದುರಸ್ತಿಯಾಗಲಿಲ್ಲವಾದ್ದರಿಂದ ಕ್ಯಾಥೆಟರ್ ತಪ್ಪಲಿಲ್ಲ. ‘ಪ್ರಯೋಗಾಲಯದಲ್ಲಿ ಬೆಳೆದ ಅಂಗ’ ಎಂಬ ಸುದ್ದಿಯ ಸಂಭ್ರಮದಲ್ಲಿ ಈ ಮಾತು ಹಿಂದೆ ಸರಿಯಿತು.

ಏಳು ರೋಗಿಗಳ ಫಲ ಎಲ್ಲರಿಗೂ ಸಿಗುವುದೇ? ಈ ತಂತ್ರವನ್ನು ಹಲವು ಆಸ್ಪತ್ರೆಗಳಲ್ಲಿ ಪರೀಕ್ಷಿಸಿದ ಬೇರೊಂದು ತಂಡದ ವರದಿ 2014ರಲ್ಲಿ ಹೊರಬಂತು. ಮೂರು ವರ್ಷಗಳ ನಂತರವೂ ಯಾವ ರೋಗಿಯಲ್ಲೂ ಧಾರಣಶಕ್ತಿ ಹೆಚ್ಚಿರಲಿಲ್ಲ. ನಾಲ್ವರಲ್ಲಿ ಕರುಳು ಕಟ್ಟುವುದು, ಮೂತ್ರಾಶಯ ಒಡೆಯುವುದು ಮುಂತಾದ ಗಂಭೀರ ತೊಂದರೆಗಳಾದವು. ಮೊದಲ ವರದಿಯಷ್ಟು ಪ್ರಚಾರ ಇದಕ್ಕೆ ಸಿಗಲಿಲ್ಲ. ಎರಡನ್ನೂ ಒಟ್ಟಿಗೆ ಓದಬೇಕೆಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದುಂಟು.

ಚಿಕ್ಕ ಅಂಗದಲ್ಲಿ ಅಟಾಲಾ ಅವರ ವಿಧಾನ ಚೆನ್ನಾಗಿ ನಿಂತಿದೆ. ಮೆಕ್ಸಿಕೊ ನಗರದಲ್ಲಿ 2004ರಿಂದ 2007ರ ನಡುವೆ ಐವರು ಹುಡುಗರಿಗೆ, ಅವರವರ ಕೋಶಗಳಿಂದಲೇ ಬೆಳೆಸಿದ ಮೂತ್ರದ್ವಾರದ ನಾಳವನ್ನು ಜೋಡಿಸಲಾಯಿತು. 2011ರಲ್ಲಿ ವರದಿ ಬರುವಾಗಲೂ ಅವು ಕೆಲಸ ಮಾಡುತ್ತಿದ್ದವು. ಬಿರುಸಾದ ಮೂತ್ರಾಶಯದ ಮಕ್ಕಳಿಗೆ ಮಾತ್ರ, ಔಷಧ ಮತ್ತು ಕ್ಯಾಥೆಟರ್ ಸಾಲದಾದಾಗ, ಶಸ್ತ್ರವೈದ್ಯರು ಇಂದಿಗೂ ಕರುಳಿನ ತೇಪೆಯನ್ನೇ ಹೊಲಿಯುತ್ತಾರೆ.