ಉಸಿರಾಟದ ದೋಷಗಳು: ಕಾರಣಗಳು ಮತ್ತು ಸುಧಾರಣಾ ಕ್ರಮಗಳು

ಆರೋಗ್ಯವಂತ ವಯಸ್ಕರು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ ಸಾಮಾನ್ಯವಾಗಿ 12ರಿಂದ 20 ಬಾರಿ ಉಸಿರಾಡುತ್ತಾರೆ. ಎದೆ ಮತ್ತು ಹೊಟ್ಟೆಯ ನಡುವಿನ ವಪೆಯು ಕೆಳಗಿಳಿದಾಗ ಶ್ವಾಸಕೋಶಗಳು ಹಿಗ್ಗಿ ಗಾಳಿಯು ಒಳಸೇರುತ್ತದೆ. ಅಭ್ಯಾಸದಿಂದ ಬಂದ ದೋಷಗಳನ್ನು ತಿದ್ದಿಕೊಳ್ಳಬಹುದು. ಕಾಯಿಲೆಯಿಂದ ಬಂದ ದೋಷಗಳಿಗೆ ಚಿಕಿತ್ಸೆ ಅಗತ್ಯ.

ಸಾಮಾನ್ಯ ದೋಷಗಳು ಮತ್ತು ಕಾರಣಗಳು:

1. ಆಳವಿಲ್ಲದ ಉಸಿರಾಟ: ಬಾಗಿ ಕುಳಿತುಕೊಳ್ಳುವುದು, ಬಿಗಿಯಾದ ಉಡುಪು ಹಾಗೂ ಮಾನಸಿಕ ಒತ್ತಡದಿಂದ ಉಸಿರು ಎದೆಯ ಮೇಲ್ಭಾಗದಲ್ಲಿಯೇ ಉಳಿಯುತ್ತದೆ.
2. ಅತಿವೇಗದ ಉಸಿರಾಟ: ಆತಂಕದಿಂದ ಉಂಟಾದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆಸುತ್ತು ಬರುತ್ತದೆ, ಬೆರಳುಗಳು ಜುಮ್ಮೆನ್ನುತ್ತವೆ.
3. ಬಾಯಿಯಿಂದ ಉಸಿರಾಟ: ನೆಗಡಿ, ಅಲರ್ಜಿ ಅಥವಾ ಮಕ್ಕಳಲ್ಲಿ ಅಡಿನಾಯ್ಡ್ ಊತ ಇದಕ್ಕೆ ಕಾರಣ. ಗಾಳಿಯನ್ನು ಶೋಧಿಸಿ, ಬೆಚ್ಚಗಾಗಿಸುವ ಮೂಗಿನ ಕಾರ್ಯ ಇಲ್ಲಿ ತಪ್ಪಿಹೋಗುತ್ತದೆ.

ತಂಬಾಕಿನ ಹೊಗೆ, ಸೌದೆ ಒಲೆಯ ಹೊಗೆ ಮತ್ತು ಕಲ್ಲು ಕ್ವಾರಿಗಳ ಧೂಳು ಶ್ವಾಸಕೋಶಗಳನ್ನು ಹಾನಿಗೊಳಿಸಿ ಉಬ್ಬಸವನ್ನು ಉಂಟುಮಾಡುತ್ತವೆ.

ಸುಧಾರಣಾ ಕ್ರಮಗಳು:

1. ಅಂಗಾತ ಮಲಗಿ ಒಂದು ಕೈಯನ್ನು ಎದೆಯ ಮೇಲೆ, ಇನ್ನೊಂದನ್ನು ಹೊಟ್ಟೆಯ ಮೇಲೆ ಇರಿಸಿಕೊಳ್ಳತಕ್ಕದ್ದು. ಮೂಗಿನಿಂದ ನಿಧಾನವಾಗಿ ಉಸಿರೆಳೆದಾಗ ಹೊಟ್ಟೆಯ ಮೇಲಿನ ಕೈ ಮಾತ್ರ ಮೇಲೇರಬೇಕು.
2. ಎರಡು ಎಣಿಸುವವರೆಗೆ ಮೂಗಿನಿಂದ ಉಸಿರೆಳೆದು, ನಾಲ್ಕು ಎಣಿಸುವವರೆಗೆ ತುಟಿಗಳನ್ನು ಕಿರಿದಾಗಿಸಿ ಬಿಡತಕ್ಕದ್ದು. ಪ್ರತಿದಿನ 5ರಿಂದ 10 ನಿಮಿಷ ಅಭ್ಯಾಸ ಸಾಕು. ತಲೆಸುತ್ತು ಬಂದಲ್ಲಿ ನಿಲ್ಲಿಸಬೇಕು.
3. ಅಡುಗೆಮನೆಯಲ್ಲಿ ಹೊಗೆ ಹೊರಹೋಗಲು ಕಿಟಕಿ ಅಥವಾ ಹೊಗೆಗೂಡು ಇರಬೇಕು. ತಂಬಾಕನ್ನು ತ್ಯಜಿಸಬೇಕು.

ಅಸ್ತಮಾ ರೋಗಿಗಳು ಈ ಅಭ್ಯಾಸಗಳನ್ನು ನೆಚ್ಚಿ, ವೈದ್ಯರ ಸಲಹೆಯಿಲ್ಲದೆ ಇನ್‌ಹೇಲರ್ ನಿಲ್ಲಿಸಬಾರದು. ಉಸಿರು ಕಟ್ಟಿದವರ ಬಾಯಿಗೆ ಕಾಗದದ ಚೀಲ ಹಿಡಿಯುವುದು ಅಪಾಯಕಾರಿ.

ಮಕ್ಕಳ ಬಗ್ಗೆ ವಿಶೇಷ ಎಚ್ಚರಿಕೆ:

ಕೆಮ್ಮು ಇರುವ ಮಗುವಿನ ವೇಗದ ಉಸಿರಾಟವು ನ್ಯುಮೋನಿಯಾದ ಲಕ್ಷಣವಾಗಿರಬಹುದು. ಮಗು ಅಳದೆ ಶಾಂತವಾಗಿರುವಾಗ ಪೂರ್ಣ ಒಂದು ನಿಮಿಷ ಉಸಿರನ್ನು ಎಣಿಸಬೇಕು. ಕೆಳಕಂಡ ಸಂಖ್ಯೆ ಅಥವಾ ಅದಕ್ಕಿಂತ ಹೆಚ್ಚು ಕಂಡುಬಂದಲ್ಲಿ ಕೂಡಲೇ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು.

- 2 ತಿಂಗಳೊಳಗಿನ ಶಿಶು: 60
- 2 ತಿಂಗಳಿನಿಂದ 1 ವರ್ಷದೊಳಗೆ: 50
- 1ರಿಂದ 5 ವರ್ಷದೊಳಗೆ: 40

ಉಸಿರೆಳೆಯುವಾಗ ಪಕ್ಕೆಲುಬುಗಳ ಕೆಳಭಾಗ ಒಳಸೆಳೆದುಕೊಂಡರೆ ಎಣಿಕೆಗಾಗಿ ಕಾಯಬಾರದು.

ಯಾವುದೇ ವಯಸ್ಸಿನವರಲ್ಲಿ ತುಟಿ ನೀಲಿಗಟ್ಟುವುದು, ಎದೆನೋವು, ಮಾತು ಪೂರೈಸಲಾಗದಷ್ಟು ಏದುಸಿರು ಕಂಡುಬಂದಲ್ಲಿ 108 ಆಂಬುಲೆನ್ಸ್ ಸೇವೆಗೆ ಕರೆ ಮಾಡುವುದು. ಈ ಸೇವೆಯು ಉಚಿತವಾಗಿರುತ್ತದೆ. ಎರಡು ವಾರ ಮೀರಿದ ಕೆಮ್ಮಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಕ್ಷಯರೋಗದ ಕಫ ಪರೀಕ್ಷೆಯನ್ನು ಉಚಿತವಾಗಿ ಪಡೆಯಬಹುದಾಗಿದೆ.